ಚಾಳೀಸು ಗಾಜಿನಿಂದ ಚಂದ್ರನವರೆಗೆ: ದೂರದರ್ಶಕದ ಹುಟ್ಟಿನ ಗೋಜಲು

ದೂರದರ್ಶಕ ಕಂಡುಹಿಡಿದವರು ಯಾರು ಎಂಬ ಒಂದು ಅಂಕದ ಪ್ರಶ್ನೆಗೆ ನಾವೆಲ್ಲ ಗೆಲಿಲಿಯೋ ಎಂದು ಬರೆದು ಅಂಕ ಪಡೆದವರೇ. ಮುಂದೆ ಕ್ವಿಜ್ ಪುಸ್ತಕಗಳು ಅದನ್ನು ತಿದ್ದಿ ಹಾನ್ಸ್ ಲಿಪ್ಪರ್‌ಹೇ ಎಂದವು. ಇನ್ನು ಕೆಲವೆಡೆ 1590, ಜಕಾರಿಯಾಸ್ ಜಾನ್ಸೆನ್ ಎಂದಿರುತ್ತದೆ. ಇಂಗ್ಲೆಂಡಿನವರು ಡಿಗ್ಸ್ ಅಪ್ಪ-ಮಗನ ಹೆಸರೆತ್ತುತ್ತಾರೆ, ಇಟಲಿಯವರಿಗೆ ದೆಲ್ಲಾ ಪೋರ್ತಾ ಇದ್ದಾನೆ, ಸ್ಪೇನಿನ ಕಡೆಗೂ ಒಬ್ಬ ಹಕ್ಕುದಾರ ಇದ್ದಾನೆ. ಈ ಗೋಜಲಿನಿಂದ ಒಂದು ಎಳೆಯನ್ನಂತೂ ಸುಲಭವಾಗಿ ಬಿಡಿಸಬಹುದು. ತಾನೇ ಮೊದಲಿಗನೆಂದು ಗೆಲಿಲಿಯೋ ಹೇಳಿಕೊಂಡಿಲ್ಲ. ಡಚ್ಚರ ಕಡೆಯವನೊಬ್ಬ ಇಂಥದ್ದು ಮಾಡಿದ್ದಾನೆಂಬ ಸುದ್ದಿ ಕೇಳಿ ತಾನೂ ಮಾಡಿದ್ದಾಗಿ 1610ರ ತನ್ನ ಪುಸ್ತಕದಲ್ಲಿ ಅವನೇ ಬರೆದಿದ್ದಾನೆ.

ಉಳಿದದ್ದಕ್ಕೆ ಕನ್ನಡಕದ ಅಂಗಡಿಗೆ ಹೋಗಬೇಕು. ಇಟಲಿಯಲ್ಲಿ ಕನ್ನಡಕ ಬಂದದ್ದು 1280ರ ದಶಕದಲ್ಲಿ. ನಲವತ್ತು ದಾಟಿದವರು ಓದಲು ಹಾಕುವ ಚಾಳೀಸಿನ ಗಾಜು ನಡುವೆ ಉಬ್ಬಿರುತ್ತದೆ. ದೂರದ್ದು ಮಬ್ಬಾಗಿ ಕಾಣುವವರ ಗಾಜು ನಡುವೆ ತಗ್ಗಿರುತ್ತದೆ. 1462ರಲ್ಲಿ ಮಿಲಾನಿನ ಡ್ಯೂಕ್ ಫ್ಲಾರೆನ್ಸಿಗೆ ಬರೆದು ಮೂರು ಡಜನ್ ಕನ್ನಡಕ ತರಿಸಿದ. ಅದರಲ್ಲಿ ಒಂದು ಡಜನ್ ದೂರದ ನೋಟಕ್ಕೆ, ಒಂದು ಡಜನ್ ಹತ್ತಿರದ ನೋಟಕ್ಕೆ. ಅಂದರೆ ಎರಡು ಬಗೆಯ ಗಾಜೂ ಆಗಲೇ ಮಾರಾಟಕ್ಕಿದ್ದವು. ಉಬ್ಬುಗಾಜನ್ನು ಮುಂದೆ ಚಾಚಿ ಹಿಡಿದು, ತಗ್ಗುಗಾಜನ್ನು ಕಣ್ಣಿನ ಬಳಿ ಇಟ್ಟುಕೊಂಡರೆ ಅದೇ ದೂರದರ್ಶಕ. ಹಾಗಿದ್ದೂ ಸುಮಾರು ಒಂದೂವರೆ ಶತಮಾನ ಅದು ಯಾರಿಗೂ ಕೈಹಿಡಿಯಲಿಲ್ಲ.

ಯಾಕೆ? ಹಳೆಯ ಮಸೂರಗಳನ್ನು ಪರೀಕ್ಷಿಸಿದವರು ಈಚೆಗೆ ಕೊಟ್ಟಿರುವ ಉತ್ತರ ನನಗಂತೂ ಒಪ್ಪಿಗೆಯಾಗಿದೆ. ಆ ಕಾಲದ ಗಾಜುಗಳು ನಡುವೆ ಚೆನ್ನಾಗಿ ಉಜ್ಜಿದವು, ಅಂಚಿಗೆ ಹೋದಂತೆ ಆಕಾರ ಕೆಟ್ಟವು. ಕನ್ನಡಕ ಹಾಕಿದವನಿಗೆ ಅದರಿಂದ ತೊಂದರೆಯಿಲ್ಲ; ಕಣ್ಣಿನ ಪಾಪೆ ಒಮ್ಮೆಗೆ ಗಾಜಿನ ಒಂದು ಚೂರಿನಿಂದ ಮಾತ್ರ ನೋಡುತ್ತದೆ. ದೂರದರ್ಶಕದಲ್ಲಾದರೆ ಮುಂದಿನ ಗಾಜಿನ ಇಡೀ ಅಗಲ ಕೆಲಸಕ್ಕೆ ಬರುತ್ತದೆ, ಅಂಚಿನ ದೋಷ ಚಿತ್ರವನ್ನೆಲ್ಲ ಕಲಸಿಹಾಕುತ್ತದೆ. ನಡುವೆ ತೂತು ಕೊರೆದ ರಟ್ಟನ್ನು ಮುಂದಿನ ಗಾಜಿಗೆ ಮುಚ್ಚಿದರೆ ಬೆಳಕು ಕಡಿಮೆಯಾಗುತ್ತದೆ, ಚಿತ್ರ ನಿಚ್ಚಳವಾಗುತ್ತದೆ. ಹೆಚ್ಚು ಗಾಜಿದ್ದರೆ ಹೆಚ್ಚು ಕಾಣಬೇಕು ಎಂದುಕೊಳ್ಳುವ ಪಂಡಿತನಿಗೆ ಗಾಜನ್ನೇ ಮುಚ್ಚುವ ಈ ಉಪಾಯ ಹೊಳೆಯುವುದು ಕಷ್ಟ. ದಿನವಿಡೀ ಗಾಜು ಉಜ್ಜುತ್ತ, ಯಾವ ಭಾಗ ಕೆಟ್ಟಿದೆಯೆಂದು ಬೆರಳಿನಲ್ಲೇ ಅರಿಯುವವನಿಗೆ ಹೊಳೆದೀತು.

ಇನ್ನು 1608ರ ಶರತ್ಕಾಲ. ಡಚ್ ಪ್ರಾಂತಗಳು ಸ್ಪೇನಿನೊಡನೆ ಹೋರಾಡಿ ದಣಿದಿದ್ದವು, ಹೇಗ್ ನಗರದಲ್ಲಿ ಸಂಧಾನದ ಮಾತುಕತೆ ನಡೆದಿತ್ತು. ಮಿಡಲ್‌ಬರ್ಗಿನ ಕನ್ನಡಕದ ಕುಶಲಕರ್ಮಿ ಲಿಪ್ಪರ್‌ಹೇ ಶಿಫಾರಸು ಪತ್ರ ಹಿಡಿದು ಅಲ್ಲಿಗೆ ಬಂದ. ಆಗ ಅಚ್ಚಾದ ಒಂದು ಸುದ್ದಿಹಾಳೆ ಕೈಗೆ ಸಿಕ್ಕುತ್ತದೆ. ಅದರ ಮುಖ್ಯ ವಿಷಯ ಸಯಾಮಿನ ರಾಯಭಾರಿಗಳ ಭೇಟಿ, ಕೊನೆಯಲ್ಲಿ ಈ ಹೊಸ ಸಾಧನ. ಹೇಗ್‌ನ ಗೋಪುರ ಹತ್ತಿ ನೋಡಿದರೆ ಡೆಲ್ಫ್ಟ್ ಊರಿನ ಗಡಿಯಾರ, ಲೈಡನ್ ಇಗರ್ಜಿಯ ಕಿಟಕಿಗಳು ಕಾಣುತ್ತವಂತೆ. ಸ್ಪೇನಿನ ಸೇನಾಪತಿ ಸ್ಪಿನೋಲಾ ಅದನ್ನು ನೋಡಿ, ಇನ್ನು ನನಗೆ ಉಳಿಗಾಲವಿಲ್ಲ, ದೂರದಿಂದಲೇ ನನ್ನನ್ನು ಕಾಣುವಿರಿ ಎಂದನಂತೆ. ಬರಿಗಣ್ಣಿಗೆ ಕಾಣದ ನಕ್ಷತ್ರಗಳೂ ಕಾಣುತ್ತವೆ ಎಂಬ ಮಾತೂ ಆ ಹಾಳೆಯಲ್ಲಿದೆ. ಗೆಲಿಲಿಯೋ ಆಕಾಶಕ್ಕೆ ಕೊಳವೆ ತಿರುಗಿಸಿದ್ದು ಅದಾದ ಮರುವರ್ಷ.

ಲಿಪ್ಪರ್‌ಹೇಯ ಹಕ್ಕುಸ್ವಾಮ್ಯದ (ಪೇಟೆಂಟ್) ಅರ್ಜಿ ಅಕ್ಟೋಬರ್ 2ರಂದು ಡಚ್ ಪ್ರಾಂತಗಳ ಪ್ರತಿನಿಧಿ ಸಭೆಗೆ ಬಂತು. ಸಭೆಯವರು ಒಂದೇ ಕಣ್ಣಲ್ಲಿ ನೋಡಿ ತೃಪ್ತರಾಗಲಿಲ್ಲ. ಎರಡೂ ಕಣ್ಣಿಗೆ, ಅದೂ ಸ್ಫಟಿಕದಲ್ಲಿ ಮಾಡಿ ತಾ ಎಂದರು. ಎರಡು ವಾರವೂ ಕಳೆದಿಲ್ಲ, ಮಿಡಲ್‌ಬರ್ಗಿನಿಂದಲೇ ಪತ್ರ ಬಂತು: ಇಲ್ಲಿನ ಇನ್ನೊಬ್ಬ ಯುವಕನಿಗೂ ಈ ವಿದ್ಯೆ ಗೊತ್ತಿದೆ. ಬೆನ್ನಿಗೇ ಅಲ್ಕ್‌ಮಾರ್ ಊರಿನ ಜೇಕಬ್ ಮೇಟಿಯಸ್ ತಾನೂ ಮಾಡಿದ್ದೇನೆ ಎಂದು ಅರ್ಜಿ ಹಾಕಿದ. ಫ್ರಾಂಕ್‌ಫರ್ಟ್ ಜಾತ್ರೆಯಲ್ಲಿ ಅದೇ ಹಂಗಾಮಿನಲ್ಲಿ ಯಾರೋ ಡಚ್ಚನೊಬ್ಬ ಬಿರುಕುಬಿಟ್ಟ ಗಾಜಿನ ಕೊಳವೆಯೊಂದನ್ನು ದುಬಾರಿ ಬೆಲೆಗೆ ಮಾರಲು ಹೊರಟಿದ್ದನೆಂದೂ ಮುಂದೆ ದಾಖಲಾಯಿತು. ಇಷ್ಟು ಜನರಿಗೆ ಗೊತ್ತಿರುವುದಕ್ಕೆ ಹಕ್ಕು ಕೊಡುವುದು ಹೇಗೆ? ಸಭೆ ಲಿಪ್ಪರ್‌ಹೇಗೆ ಹಣ ಕೊಟ್ಟು ಮೂರು ಜೋಡಿಗಣ್ಣಿನ ಸಾಧನ ಮಾಡಿಸಿಕೊಂಡಿತು, ಹಕ್ಕು ಕೊಡಲಿಲ್ಲ. ನೋಡಿದ ಕೂಡಲೇ ನಕಲು ಮಾಡಬಲ್ಲ ವಸ್ತುವಿನ ಗತಿ ಇದೇ.

ಮುಂದಿನದು ಎಲ್ಲರಿಗೂ ಗೊತ್ತಿರುವ ಓಟ. 1609ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಆರು ಪಟ್ಟು ಹಿಗ್ಗಿಸುವ ಕೊಳವೆಯಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದ. ಅಚ್ಚು ಮಾಡಿಸಲಿಲ್ಲ, ಹೆಸರೂ ಬರಲಿಲ್ಲ. ಗೆಲಿಲಿಯೋ ವರ್ಷದ ಕೊನೆಯೊಳಗೆ ಇಪ್ಪತ್ತು ಪಟ್ಟಿಗೆ ಏರಿಸಿದ. ಅದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಒಂದು ಚೀಟಿ ಉಳಿದಿದೆ. ಆ ವರ್ಷದ ನವೆಂಬರಿನಲ್ಲಿ ತನಗೆ ಬಂದ ಕಾಗದದ ಮೇಲೆಯೇ ಅವನು ವೆನಿಸ್‌ನಿಂದ ತರಬೇಕಾದ ಸಾಮಾನಿನ ಪಟ್ಟಿ ಗೀಚಿಕೊಂಡಿದ್ದ: ಮಗನಿಗೆ ಟೋಪಿ, ಕಡಲೆ, ಅಕ್ಕಿ, ಒಣದ್ರಾಕ್ಷಿ, ಸಕ್ಕರೆ, ಮೆಣಸು, ಲವಂಗ, ದಾಲ್ಚಿನ್ನಿ. ಜೊತೆಗೆ ಎರಡು ಫಿರಂಗಿ ಗುಂಡು, ತವರದ ಆರ್ಗನ್ ಕೊಳವೆ, ಜರ್ಮನ್ ಗಾಜು, ಕನ್ನಡಿಯ ಚೂರು, ಹೊಳಪು ಕೊಡುವ ಪುಡಿ, ರಾಳ, ಕಬ್ಬಿಣದ ಬಟ್ಟಲು. ಗುಂಡು ಗಾಜನ್ನು ತಗ್ಗಾಗಿ ಉಜ್ಜಲು, ಕೊಳವೆ ಮಸೂರ ಕೂರಿಸಲು. ದಿನಸಿ ಚೀಟಿ ಮತ್ತು ಖಗೋಳ ವಿಜ್ಞಾನ ಒಂದೇ ಹಾಳೆಯಲ್ಲಿ! (ಆ ಮೆಣಸು ನಮ್ಮ ಪಶ್ಚಿಮ ಕರಾವಳಿಯದೇ ಇದ್ದರೂ ಇದ್ದೀತು.) 1610ರ ಜನವರಿ 7ರಂದು ಗುರುಗ್ರಹದ ಪಕ್ಕ ಮೂರು ಚುಕ್ಕೆ (ಅದರ ಉಪಗ್ರಹಗಳು) ಕಂಡದ್ದು ಇಂಥ ಅಡುಗೆಮನೆ ಕಾರ್ಖಾನೆಯ ಗಾಜಿನಲ್ಲೇ. 1611ರಲ್ಲಿ ರೋಮಿನ ಔತಣವೊಂದರಲ್ಲಿ ಅದಕ್ಕೆ ಟೆಲಿಸ್ಕೋಪ್ ಎಂಬ ಗ್ರೀಕ್ ಹೆಸರಿಟ್ಟರು.

ಹಾಗಾದರೆ 1590 ಎಲ್ಲಿಂದ ಬಂತು? ಅದಕ್ಕೆ 1655ಕ್ಕೆ ಬರಬೇಕು. ಮಿಡಲ್‌ಬರ್ಗಿನಲ್ಲಿ ಹುಟ್ಟಿ ದೊಡ್ಡ ರಾಯಭಾರಿಯಾದ ವಿಲ್ಲೆಮ್ ಬೊರೀಲ್‌ಗೆ ತನ್ನ ಊರಿಗೆ ಈ ಕೀರ್ತಿ ಸಲ್ಲಲಿ ಎಂಬ ಆಸೆ. ನಗರದ ಅಧಿಕಾರಿಗಳು ಸಾಕ್ಷಿ ಕೇಳಿದರು. ಅದೇ ಊರಿನ ಕನ್ನಡಕ ಮಾಡುವವನಾಗಿದ್ದ ಜಾನ್ಸೆನ್‌ನ ಮಗ ಜೋಹಾನ್ಸ್, ತನ್ನ ತಂದೆ 1590ರಲ್ಲೇ ಮಾಡಿದ್ದ ಎಂದ. ಇವನು ಹುಟ್ಟಿದ್ದು 1611ರಲ್ಲಿ. 1590ರಲ್ಲಿ ತಂದೆಯೇ ಇನ್ನೂ ಮಗು. ಅಷ್ಟೇ ಅಲ್ಲ, ಇದೇ ಜೋಹಾನ್ಸ್ 1634ರಲ್ಲಿ ತನ್ನ ಬಳಿ ಗಾಜು ಉಜ್ಜುವುದನ್ನು ಕಲಿಯಲು ಬಂದ ವಿದ್ವಾಂಸನೊಬ್ಬನಿಗೆ ಬೇರೆಯೇ ಕಥೆ ಹೇಳಿದ್ದ: ತಂದೆ ಮಾಡಿದ್ದು 1604ರಲ್ಲಿ, ಇಟಲಿಯವನೊಬ್ಬನ ಕೊಳವೆ ನೋಡಿ, ಅದರ ಮೇಲೆ 1590 ಎಂದು ಕೆತ್ತಿತ್ತು. ಅಪ್ಪನ ಹಿರಿಮೆ ಹೇಳುವ ಮಗನನ್ನು ಸುಳ್ಳುಗಾರ ಎನ್ನಲು ಮನಸ್ಸಾಗುವುದಿಲ್ಲ. ಆದರೆ ಇಸವಿಗಳನ್ನು ಹೊಂದಿಸಲು ನೋಡದೆ ಅಚ್ಚಿಗೆ ಹೋದ ಆ ಹೇಳಿಕೆ ಪಠ್ಯದಿಂದ ಪಠ್ಯಕ್ಕೆ ನಡೆದುಬಂತು.

ಮೂಲ ಕಾಗದ ತೆರೆದು ತಾಳೆ ನೋಡೋಣವೆಂದರೆ ಆ ದಾರಿಯೂ ಇಲ್ಲ. 1940ರ ಮೇ 17ರಂದು ಮಿಡಲ್‌ಬರ್ಗ್ ಹೊತ್ತಿ ಉರಿದಾಗ ನಗರದ ದಫ್ತರಖಾನೆಯೂ ಬೂದಿಯಾಯಿತು. ಜಾನ್ಸೆನ್ ಖೋಟಾ ನಾಣ್ಯ ಮಾಡಿ ಸಿಕ್ಕಿಬಿದ್ದದ್ದೂ ಸೇರಿದಂತೆ ಅವನ ಬಗ್ಗೆ ನಾವು ತಿಳಿದಿರುವ ಬಹುಪಾಲು, ಕಾರ್ನೆಲಿಸ್ ದೆ ವಾರ್ಡ್ ಎಂಬ ಡಚ್ ಇತಿಹಾಸಕಾರ ಆ ಕಡತಗಳನ್ನು ಓದಿ 1906ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಿಂದ ಬಂದದ್ದು.