ರಬ್ಬರ್ ಬಿಟ್ಟುಹೋದ ಮಸುಕು

ಪೆನ್ಸಿಲ್‌ನಲ್ಲಿ ಒಂದು ಗೋಲ ತುಂಬಿ, ರಬ್ಬರ್ ಹಾಕಿ ಚೆನ್ನಾಗಿ ಉಜ್ಜಿ ನೋಡಿ. ಎಷ್ಟು ಉಜ್ಜಿದರೂ ಬೂದು ಬಣ್ಣದ ಸಣ್ಣ ಮಸುಕು ಉಳಿದೇ ಉಳಿಯುತ್ತದೆ. ಉತ್ತರ ಪತ್ರಿಕೆ ಓದುವ ಸ್ಕ್ಯಾನರ್‌ಗೆ ಅಷ್ಟು ಸಾಕು. ಕಡುಕಪ್ಪಾಗಿದ್ದರೆ ಉತ್ತರ, ಮಸುಕಾಗಿದ್ದರೆ ಅಳಿಸಿದ್ದು ಎಂದು ಬೇರೆಬೇರೆ ಎಣಿಸುತ್ತದೆ. ನಮ್ಮ ಸಿಇಟಿಯಲ್ಲಿ ಗೋಲ ತುಂಬುವುದು ಬಾಲ್ ಪೆನ್ನಿನಲ್ಲಿ, ಹಾಗಾಗಿ ಅಳಿಸುವ ಮಾತೇ ಇಲ್ಲ. ಆದರೆ ಅಮೆರಿಕದ ಜಾರ್ಜಿಯಾ ರಾಜ್ಯದ ಶಾಲಾ ಪರೀಕ್ಷೆ 2009ರ ಹೊತ್ತಿಗೆ ಪೆನ್ಸಿಲ್‌ನದಾಗಿತ್ತು. ಆ ರಾಜ್ಯದ ಅಟ್ಲಾಂಟಾ ನಗರದ ಶಾಲೆಗಳಲ್ಲಿ ನಡೆದ ಪರೀಕ್ಷಾ ಮೋಸದ ದೊಡ್ಡ ಹಗರಣವನ್ನು ಬಯಲು ಮಾಡಿದ್ದರಲ್ಲಿ ಈ ಮಸುಕಿನ ಪಾಲು ದೊಡ್ಡದು.

ಆ ನಗರದ ಪಾರ್ಕ್ಸ್ ಮಿಡ್ಲ್ ಸ್ಕೂಲ್‌ನ ಲೆಕ್ಕ ನೋಡಿ. 2005ರಲ್ಲಿ ಎಂಟನೇ ತರಗತಿಯಲ್ಲಿ ಗಣಿತ ಪಾಸಾದವರು ಶೇ. 24. ಮರುವರ್ಷ ಶೇ. 86! ಬಡವರ ಬಡಾವಣೆಯ ಶಾಲೆಯೊಂದು ಹೀಗೆ ಮೇಲೆದ್ದರೆ ಯಾರಿಗೆ ಖುಷಿಯಾಗಲ್ಲ ಹೇಳಿ? ಹೊಗಳಿಕೆಯೂ ಬಂತು, ನೋಡಲು ಜನರೂ ಬಂದರು.

ಇದರ ಹಿಂದೆ 2002ರಲ್ಲಿ ಜಾರಿಗೆ ಬಂದ ಒಂದು ಕಾನೂನಿತ್ತು. ಮೂರರಿಂದ ಎಂಟನೇ ತರಗತಿವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ ನಡೆಯಬೇಕು. 2014ರ ಹೊತ್ತಿಗೆ ದೇಶದ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು. ಎಲ್ಲ ಅಂದರೆ ನೂರಕ್ಕೆ ನೂರು. ಗುರಿ ಮುಟ್ಟದ ಶಾಲೆಗೆ ಹಂತಹಂತವಾಗಿ ಬಿಸಿ ತಟ್ಟುತ್ತಿತ್ತು. ಅಟ್ಲಾಂಟಾದ ಆಡಳಿತ ಇದರ ಮೇಲೆ ತನ್ನದೇ ಗುರಿಗಳನ್ನೂ ಹೇರಿತ್ತು. ಪಾರ್ಕ್ಸ್‌ಗೆ ಇನ್ನೊಂದು ಕಷ್ಟ. ಅಲ್ಲಿಗೆ ಮಕ್ಕಳನ್ನು ಕಳಿಸುತ್ತಿದ್ದ ಪ್ರಾಥಮಿಕ ಶಾಲೆಗಳ ಅಂಕಗಳೇ ಉಬ್ಬಿದ್ದವು. ಕಾಗದದ ಮೇಲೆ ಜಾಣರಾಗಿದ್ದ ಮಕ್ಕಳು ಆರನೇ ತರಗತಿಗೆ ಬಂದು ಪುಸ್ತಕ ಓದಲು ತಡವರಿಸುತ್ತಿದ್ದರು. ನಿಜವಾದ ಅಂಕ ಕೊಟ್ಟರೆ, ಇಲ್ಲಿಗೆ ಬಂದ ಮೇಲೇ ಮಕ್ಕಳು ಹಾಳಾದರು ಅಂತ ಲೆಕ್ಕ. ಹಿಂದಿನವರು ಬರೆದ ಸುಳ್ಳಿನ ಮೇಲೆಯೇ ಇವರು ಅಟ್ಟ ಕಟ್ಟಬೇಕಾಗಿತ್ತು.

ಸ್ಥಳೀಯ ಪತ್ರಿಕೆಯೊಂದು ಈ ಜಿಗಿತಗಳ ಬಗ್ಗೆ ಅನುಮಾನ ಎತ್ತಿತು. ಆಮೇಲೆ ರಾಜ್ಯ ಸರ್ಕಾರ 2009ರ ಉತ್ತರ ಪತ್ರಿಕೆಗಳ ಮಸುಕನ್ನು ಎಣಿಸಲು ಹೇಳಿತು. ಅದರಲ್ಲೂ ತಪ್ಪು ಉತ್ತರ ಅಳಿಸಿ ಸರಿ ಮಾಡಿದ್ದೆಷ್ಟು ಅನ್ನುವುದನ್ನು.

ಮಕ್ಕಳೂ ಅಳಿಸಿ ತಿದ್ದುತ್ತಾರಲ್ವಾ? ಖಂಡಿತ. ಒಬ್ಬ ಹುಡುಗ ಒಂದು ಸಾಲು ತಪ್ಪಿ ಗೋಲ ತುಂಬುತ್ತಾ ಹೋದರೆ ಆಮೇಲೆ ಇಡೀ ಪುಟವನ್ನೇ ಅಳಿಸಬೇಕಾಗುತ್ತದೆ. ಅದಕ್ಕೇ ಒಂದು ಮಗುವನ್ನು ನೋಡಿ ಏನೂ ಹೇಳಲಾಗುವುದಿಲ್ಲ, ಇಡೀ ತರಗತಿಯನ್ನು ನೋಡಬೇಕು. ಸುಲಭಕ್ಕೆ ನನ್ನದೇ ಅಂಕಿ ಇಟ್ಟುಕೊಳ್ಳುತ್ತೇನೆ. ರಾಜ್ಯದಲ್ಲಿ ಒಂದು ಮಗು ಸರಾಸರಿ 2 ತಪ್ಪುಗಳನ್ನು ಅಳಿಸಿ ಸರಿ ಮಾಡುತ್ತದೆ ಅನ್ನೋಣ. ಮಗುವಿನಿಂದ ಮಗುವಿಗೆ ಇದರ ಏರುಪೇರು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 3 ಇರಲಿ. 25 ಮಕ್ಕಳ ತರಗತಿಯ ಸರಾಸರಿ ಅಷ್ಟೆಲ್ಲ ಕುಣಿಯುವುದಿಲ್ಲ. ಒಬ್ಬ ಜಾಸ್ತಿ ಅಳಿಸಿದರೆ ಇನ್ನೊಬ್ಬ ಅಳಿಸಿಯೇ ಇರುವುದಿಲ್ಲ, ಅಲ್ಲಿಗೆ ಸರಿಹೋಗುತ್ತದೆ. ಗಣಿತದ ಪ್ರಕಾರ ಏರುಪೇರನ್ನು 25ರ ವರ್ಗಮೂಲದಿಂದ, ಅಂದರೆ 5ರಿಂದ ಭಾಗಿಸಬೇಕು. ಉಳಿಯುವುದು 0.6. ಅದರ ಮೂರು ಪಟ್ಟು 1.8. ಹಾಗಾಗಿ ಸರಾಸರಿ 3.8 ದಾಟಿದ ತರಗತಿಯ ಮೇಲೆ ಕಣ್ಣಿಡಬೇಕು.

ಜಾರ್ಜಿಯಾ ಇಟ್ಟುಕೊಂಡ ಗೆರೆಯೂ ಈ ಮೂರು ಪಟ್ಟಿನದೇ. ರಾಜ್ಯದಲ್ಲಿ ಸಾವಿರಾರು ತರಗತಿಗಳಿರುವಾಗ ಕೆಲವು ಸುಮ್ನೆ ಅದೃಷ್ಟದಿಂದಲೇ ಗೆರೆ ದಾಟುತ್ತವೆ, ಅದಕ್ಕೆ ಯಾರನ್ನೂ ಬೈಯಬೇಕಾಗಿಲ್ಲ. ಆದರೆ ಅಟ್ಲಾಂಟಾದ ಅನೇಕ ತರಗತಿಗಳು ಸರಾಸರಿಯಿಂದ ಆ ಏರುಪೇರಿನ 20ರಿಂದ 50 ಪಟ್ಟು ಆಚೆ ನಿಂತಿದ್ದವು. ನಮ್ಮ ಉದಾಹರಣೆಯಲ್ಲಿ 20 ಪಟ್ಟು ಅಂದರೆ ತರಗತಿಯ ಮಕ್ಕಳೆಲ್ಲ ತಲೆಗೆ ಸರಾಸರಿ 14 ತಪ್ಪು ಹುಡುಕಿ, ಹದಿನಾಲ್ಕಕ್ಕೂ ಸರಿ ಉತ್ತರ ಹಾಕಿದಂತೆ. ಉತ್ತರ ಅಷ್ಟು ಚೆನ್ನಾಗಿ ಗೊತ್ತಿದ್ದ ಮಕ್ಕಳು ಮೊದಲು ತಪ್ಪು ಗೋಲ ಯಾಕೆ ತುಂಬಿದರು? ‘ಇನ್ನೊಂದ್ಸಲ ನೋಡಿ’ ಅಂತ ಮೇಷ್ಟ್ರು ಹೇಳಿದ್ದಕ್ಕೆ ಇಷ್ಟು ಆಗುವುದಿಲ್ಲ.

ಅಂಕಿ ಅಂಶ ಇಷ್ಟರಲ್ಲೇ ನಿಲ್ಲುತ್ತದೆ. ತಿದ್ದಿದ್ದು ಯಾರ ಕೈ ಅಂತ ಅದು ಹೇಳುವುದಿಲ್ಲ. ಅದಕ್ಕೆ ತನಿಖಾಧಿಕಾರಿಗಳೇ ಬೇಕಾಯಿತು. ಪಾರ್ಕ್ಸ್‌ನಲ್ಲಿ ಪರೀಕ್ಷೆಯ ಹೊಣೆ ಹೊತ್ತವರನ್ನು ಮುಖ್ಯೋಪಾಧ್ಯಾಯರು ಊಟಕ್ಕೆ ಕರೆದೊಯ್ಯುತ್ತಿದ್ದರು. ಆ ಹೊತ್ತಿನಲ್ಲಿ ಶಿಕ್ಷಕರು ಅವರ ಕೋಣೆಗೆ ಹೋಗಿ ಉತ್ತರ ತಿದ್ದುತ್ತಿದ್ದರು. ಪ್ರಶ್ನೆಪತ್ರಿಕೆಯ ಪ್ಲಾಸ್ಟಿಕ್ ಹೊದಿಕೆಯನ್ನು ಬ್ಲೇಡಿನಿಂದ ಬಿಡಿಸಿ, ಲೈಟರ್ ಬಿಸಿ ತಾಗಿಸಿ ಮತ್ತೆ ಅಂಟಿಸಿದ್ದೂ ಉಂಟು. ಬ್ಲೇಡು, ಲೈಟರ್ ಎಲ್ಲ ನೆನಪಾದವರಿಗೆ ರಬ್ಬರ್ ಬಿಡುವ ಮಸುಕು ಮಾತ್ರ ನೆನಪಾಗಲಿಲ್ಲ.

2011ರ ಜುಲೈಯಲ್ಲಿ ವರದಿ ಬಂತು. ತನಿಖೆ ನಡೆದ 56 ಶಾಲೆಗಳಲ್ಲಿ 44ರಲ್ಲಿ ಮೋಸ ನಡೆದಿತ್ತು. ಭಾಗಿಯಾದವರು 178 ಮಂದಿ, ಅವರಲ್ಲಿ 38 ಜನ ಮುಖ್ಯೋಪಾಧ್ಯಾಯರು. 2015ರ ಏಪ್ರಿಲ್‌ನಲ್ಲಿ 11 ಜನ ತಪ್ಪಿತಸ್ಥರೆಂದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಶಿಕ್ಷಕರಿಗೆ ಮಾಫಿಯಾ ಗುಂಪುಗಳಿಗೆ ಹಾಕುವಂಥ ಕಾಯ್ದೆ ಹಾಕಿದ್ದು ನನಗಂತೂ ಅತಿಯಾಯಿತು ಅನ್ನಿಸುತ್ತದೆ.

ಇನ್ನು ಮಕ್ಕಳ ಕಥೆ. ಅಂಕ ಚೆನ್ನಾಗಿದ್ದ ಕಾರಣ ಪಾರ್ಕ್ಸ್ ‘ಸುಧಾರಿಸಬೇಕಾದ ಶಾಲೆ’ಗಳ ಪಟ್ಟಿಯಿಂದ ಹೊರಬಿತ್ತು. ಜೊತೆಗೆ ಸುಮಾರು 7,50,000 ಡಾಲರ್ ನೆರವೂ ತಪ್ಪಿಹೋಯಿತು. ಅದೇ ನಗರದ ಇನ್ನೊಂದು ಶಾಲೆಯಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳಿಗೆ ಓದಲು ಬರುತ್ತಿರಲಿಲ್ಲ. ವರ್ಷದ ಪರೀಕ್ಷೆಯಲ್ಲಿ ಮಾತ್ರ ಅವಳಿಗೆ ಓದಿನಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ. ಮಗಳಿಗೆ ವಿಶೇಷ ಪಾಠ ಬೇಕು ಅಂತ ತಾಯಿ ಶಾಲೆಗೆ ಅಲೆದರು. ಅಂಕ ಇಷ್ಟು ಚೆನ್ನಾಗಿರುವಾಗ ಕೊಡಲಾಗದು ಅಂದರು. ಒಂಬತ್ತನೇ ತರಗತಿಗೆ ಬಂದಾಗಲೂ ಅವಳ ಓದು ಐದನೇ ತರಗತಿಯ ಮಟ್ಟದಲ್ಲೇ ಇತ್ತು.