ಅಟ್ಟದ ಮೇಲಿನ ಹಿತ್ತಾಳೆ ಪಂಪು: ಗುಜರಿಗೋ, ಗಿಡಕ್ಕೋ?

ಪ್ರಶ್ನೆ: ಅಜ್ಜನ ಕಾಲದ ಹಿತ್ತಾಳೆ ಕೈಪಂಪೊಂದು ಅಟ್ಟದಲ್ಲಿ ಸಿಕ್ಕಿದೆ. ನೋಡೋಕೆ ದೊಡ್ಡ ಪಿಚಕಾರಿ ಥರ ಇದೆ. ಬಕೆಟ್‌ನಲ್ಲಿ ಅದ್ದಿ ಹಿಡಿ ಎಳೆದರೆ ನೀರು ಏರುವುದಿಲ್ಲ. ಸರಿಮಾಡಿ ಗಿಡಗಳಿಗೆ ಬಳಸಬಹುದಾ, ಇಲ್ಲ ಗುಜರಿಗೆ ಹಾಕೋದೇ ವಾಸಿನಾ?

ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಇಂಥ ಪಂಪುಗಳಲ್ಲಿ ಹಿತ್ತಾಳೆ ಕೆಡುವುದು ಅಪರೂಪ. ಕೆಡುವುದು ಒಳಗಿನ ಚರ್ಮದ ವಾಷರ್. ವರ್ಷಗಟ್ಟಲೆ ಬಿಸಿ ಅಟ್ಟದಲ್ಲಿ ಬಿದ್ದಿದ್ದರೆ ಅದು ಒಣಗಿ, ಕುಗ್ಗಿ, ಕೊಳವೆಯ ಗೋಡೆಗೆ ತಾಗದೆ ನಿಂತಿರುತ್ತದೆ. ಆ ಸಂದಿಯಲ್ಲಿ ಗಾಳಿ ನುಗ್ಗಿದ ಮೇಲೆ ನೀರು ಏರೋದೆಲ್ಲಿ?

ಬಿಚ್ಚುವಾಗ ಕೈಗವಸು ಹಾಕಿಕೊಳ್ಳಿ. ಒಳಗೆ ಯಾವ ಕಾಲದ ಯಾವ ವಿಷ ಹೋಗಿತ್ತೋ ಯಾರಿಗೆ ಗೊತ್ತು! ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಆ ನೀರನ್ನು ಬಾವಿ ಹತ್ತಿರ ಚೆಲ್ಲಬೇಡಿ. ಇಷ್ಟಾದರೂ ಕೊತ್ತಂಬರಿ, ಪಾಲಕ್ ಮಡಿಗೆ ಈ ಪಂಪು ಬೇಡ ಅಂತಲೇ ನನ್ನ ಸಲಹೆ. ಹೂವಿನ ಗಿಡಕ್ಕೆ ಇರಲಿ.

ಹಿಡಿಯ ಸರಳಿನ ತುದಿಯಲ್ಲಿ ಪುಟ್ಟ ಬಟ್ಟಲಿನಂಥ ಚರ್ಮ ಕಾಣುತ್ತದೆ. ಬಿರುಕು ಬಿಟ್ಟಿಲ್ಲವಾದರೆ ರಾತ್ರಿಯಿಡೀ ಹರಳೆಣ್ಣೆಯಲ್ಲಿ ನೆನೆಸಿ. ಬಿಸಿ ನೀರಿಗೆ ಮಾತ್ರ ಹಾಕಬೇಡಿ, ಚರ್ಮ ಮುದುಡುತ್ತದೆ. ಬೆಳಿಗ್ಗೆ ಬೆರಳಲ್ಲಿ ಅಂಚನ್ನು ಮೆಲ್ಲಗೆ ಹೊರಕ್ಕೆ ಹರಡಿ ಕೂರಿಸಿ. ಬಟ್ಟಲಿನ ಬಾಯಿ ನೀರಿನ ಕಡೆಗೆ ಇರಬೇಕು. ಆಗ ಹಿಡಿ ಒತ್ತಿದಾಗ ನೀರಿನ ಒತ್ತಡವೇ ಅಂಚನ್ನು ಗೋಡೆಗೆ ಅಮುಕುತ್ತದೆ. ಸೈಕಲ್ ಪಂಪಿನಲ್ಲೂ ಇದೇ ಉಪಾಯ. ಚರ್ಮ ಹರಿದಿದ್ದರೆ ಕೊಳವೆಯ ಒಳ ಅಳತೆ ತೆಗೆದುಕೊಂಡು ಹಳೇ ಸೈಕಲ್ ಶಾಪು, ಬೋರ್‌ವೆಲ್ ಕೈಪಂಪು ರಿಪೇರಿಯವರ ಹತ್ತಿರ ವಿಚಾರಿಸಿ.

ಆಮೇಲೆ ಪಂಪನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಕೆಲವು ಪಂಪುಗಳಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಗುಂಡು ಇರುತ್ತದೆ. ಟಕ್ ಟಕ್ ಅಂದರೆ ಗುಂಡು ಓಡಾಡುತ್ತಿದೆ. ಗುಂಡು ಇದ್ದೂ ಸದ್ದಿಲ್ಲ ಅಂದರೆ ಹಸಿರು ಕಿಲುಬಿಗೆ ಅಂಟಿಕೊಂಡಿದೆ, ಹುಣಸೆಹುಳಿ ಹಾಕಿ ಉಜ್ಜಿ. ಮೂತಿಯ ತೂತು ಕಟ್ಟಿದ್ದರೆ ಸೂಜಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಅಗಲವಾಗಿ ತುಂತುರು ಹೋಗಿ ಧಾರೆ ಬರುತ್ತದೆ. ತೆಂಗಿನ ಪೊರಕೆಯ ಕಡ್ಡಿ ಸಾಕು.

ಅಷ್ಟು ದುಬಾರಿ ಹಿತ್ತಾಳೆಯಲ್ಲೇ ಯಾಕೆ ಮಾಡುತ್ತಿದ್ದರು? ಒಂದು ಕಾರಣ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿ ರೋಗಕ್ಕೆ ಮದ್ದು ಅಂತ ತೋರಿಸಿಕೊಟ್ಟರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಹೊಡೆಸಿದರು. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ, ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಪಂಪು ಬೇಗ ಹಾಳು. ಅಡಿಕೆಯವರು ದ್ರಾವಣಕ್ಕೆ ಕತ್ತಿ ಅದ್ದಿ ನೋಡುವುದೂ ಇದಕ್ಕೇ. ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣ ಬೇಕು ಅಂತ ಲೆಕ್ಕ.

ಇನ್ನು ಬಳಕೆ. ದಾಸವಾಳದ ಹಿಟ್ಟು ತಿಗಣೆ, ಗುಲಾಬಿಯ ನುಸಿ, ಇವೆರಡಕ್ಕೆ ಈ ಪಂಪು ನಿಜಕ್ಕೂ ಒಳ್ಳೆಯದು. ಔಷಧಿಯೇ ಬೇಡ. ಬೆಳಿಗ್ಗೆ ಬರೀ ನೀರನ್ನು ಎಲೆಯ ಅಡಿಭಾಗಕ್ಕೆ ಜೋರಾಗಿ ಹೊಡೆಯಿರಿ. ಕುಂಡಕ್ಕೆ ದಿನಾ ನೀರು ಹಾಕೋಕೆ ಮಾತ್ರ ಇದು ಸುಮ್ನೆ ಕೈನೋವು, ಜರಡಿ ಮೂತಿಯ ರೋಸ್ ಕ್ಯಾನೇ ಸರಿ. ಗೋಮೂತ್ರ, ಜೀವಾಮೃತ ಹಾಕಬೇಡಿ. ಅದರಲ್ಲಿರುವ ಅಮೋನಿಯಾ ಹಿತ್ತಾಳೆಯನ್ನು ತಿನ್ನುತ್ತದೆ, ಚರಟ ಮೂತಿಯನ್ನು ಕಟ್ಟುತ್ತದೆ.

ಕೆಲಸ ಮುಗಿದ ಮೇಲೆ ಶುದ್ಧ ನೀರು ಎಳೆದು ಬಿಡಿ, ವಾಷರಿಗೆ ಎರಡು ಹನಿ ಹರಳೆಣ್ಣೆ ಹಾಕಿ, ನೆರಳಲ್ಲಿ ತೂಗುಹಾಕಿ. ಕೊಳವೆಯೇ ಜಜ್ಜಿ ನೆಗ್ಗಿದ್ದರೆ ಅಥವಾ ಉದ್ದಕ್ಕೂ ಸೀಳಿದ್ದರೆ ಯಾವ ವಾಷರೂ ಹಿಡಿಯುವುದಿಲ್ಲ. ಅಂಥದ್ದನ್ನು ಗುಜರಿಗೇ ಹಾಕಿ. ಆದರೆ ಕಬ್ಬಿಣದ ಜೊತೆ ಸೇರಿಸದೆ ಹಿತ್ತಾಳೆಯ ರೇಟಿಗೇ ತೂಗಿಸಿ.