ಪದ ಪರಿಚಯ: ಸಾಲಿಡಾರಿಟಿಯೊಳಗಿನ ಹೊಣೆ

ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟಗಾರ ಜಾನ್ ಲೂಯಿಸ್ ತೀರಿಕೊಂಡಿದ್ದು 2020ರ ಜುಲೈ 17ರಂದು. ಅವರನ್ನು ನೆನೆಯುವ ಕನ್ನಡ ಬರಹ ಸಿಕ್ಕಿದರೆ ಬಿಡದೆ ಓದುತ್ತೇನೆ. ಓದುವಾಗೆಲ್ಲ ಒಂದೇ ಕಡೆ ಎಡವುತ್ತೇನೆ: ‘ಅಲ್ಪಸಂಖ್ಯಾತ ಸಮುದಾಯಗಳ ಬಗ್ಗೆ ಅಪಾರ ಅನುಕಂಪ ಹೊಂದಿದ್ದ ನಾಯಕ.’ ಕೆಲವರು ಅನುಕಂಪದ ಜಾಗದಲ್ಲಿ ಸಹಾನುಭೂತಿ ಹಾಕುತ್ತಾರೆ. ಇಂಗ್ಲಿಷ್ ಮೂಲದಲ್ಲಿರುವ ಪದ ಸಾಲಿಡಾರಿಟಿ, ಅಂದರೆ ಇನ್ನೊಬ್ಬರ ಹೋರಾಟದಲ್ಲಿ ಜೊತೆ ನಿಲ್ಲುವುದು. ಇದು ಸಣ್ಣ ತಪ್ಪಲ್ಲ. ಆ ಮನುಷ್ಯ ಬದುಕಿಡೀ ಮಾಡಿದ ಕೆಲಸವೇ ಇಲ್ಲಿ ಬೇರೆಯಾಗಿ ಕಾಣಿಸುತ್ತದೆ.

ಅನುಕಂಪ ಕೆಟ್ಟ ಪದವೇನಲ್ಲ. ಕಂಪ ಎಂದರೆ ನಡುಕ; ಇನ್ನೊಬ್ಬರು ನಡುಗಿದರೆ ನಮ್ಮೊಳಗೂ ನಡುಕ ಹುಟ್ಟುವುದು ಅನುಕಂಪ. ಸಹಾನುಭೂತಿ ಎಂದರೆ ಜೊತೆಜೊತೆಗೆ ಅನುಭವಿಸುವುದು. ಎರಡೂ ಮನಸ್ಸಿನೊಳಗಿನ ಸಂಗತಿಗಳು. ಕುರ್ಚಿಯಿಂದ ಏಳದೆಯೂ ಎರಡನ್ನೂ ಪಡಬಹುದು. ಸಾಲಿಡಾರಿಟಿ ಹಾಗಲ್ಲ, ಅದು ಹುಟ್ಟಿದ್ದೇ ಸಾಲದ ಲೆಕ್ಕದಲ್ಲಿ.

ಲ್ಯಾಟಿನ್ನಿನ ಸಾಲಿಡಸ್ ಎಂದರೆ ಗಟ್ಟಿಯಾದದ್ದು, ಇಡಿಯಾದದ್ದು. ರೋಮನ್ ಕಾನೂನಿನಲ್ಲಿ ‘ಇನ್ ಸಾಲಿಡಂ’ ಎಂಬ ಮಾತು ಬರುತ್ತದೆ. ಹಲವರು ಸೇರಿ ಸಾಲ ಮಾಡಿದಾಗ ಒಬ್ಬೊಬ್ಬನೂ ತನ್ನ ಪಾಲಿಗಷ್ಟೇ ಅಲ್ಲ, ಇಡೀ ಸಾಲಕ್ಕೆ ಹೊಣೆ ಎಂದು ಅದರ ಅರ್ಥ. ಫ್ರೆಂಚರ 1804ರ ನಾಗರಿಕ ಸಂಹಿತೆಯಲ್ಲಿ ಸಾಲಗಾರರ ಈ ಜಂಟಿ ಹೊಣೆಗೆ ಇರುವ ಹೆಸರೇ ಸಾಲಿಡಾರಿಟೆ. ಅಲ್ಲಿಂದ ಅದು 19ನೇ ಶತಮಾನದಲ್ಲಿ ಕಾರ್ಮಿಕರ, ಚಳವಳಿಗಾರರ ಬಾಯಿಗೆ ಬಂತು, ಇಂಗ್ಲಿಷಿಗೂ ಬಂತು.

ಇದನ್ನು ನಮಗೆ ರೋಮನ್ನರೇ ಬಂದು ಕಲಿಸಬೇಕಾಗಿಲ್ಲ. ಗುಂಪಿನ ಸಾಲ ತೆಗೆದ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಕಂತಿನ ದಿನ ಐವರಲ್ಲಿ ಒಬ್ಬಾಕೆಯ ಮಗುವಿಗೆ ಜ್ವರ, ಕೈಯಲ್ಲಿದ್ದ ದುಡ್ಡು ಔಷಧಿಗೆ ಹೋಗಿದೆ. ಉಳಿದ ನಾಲ್ವರು ಸೆರಗಿನ ಗಂಟು ಬಿಚ್ಚಿ, ಸಾಸಿವೆ ಡಬ್ಬಿ ತಡಕಿ, ಆಕೆಯ ಕಂತನ್ನೂ ಸೇರಿಸಿ ಕಟ್ಟುತ್ತಾರೆ. ಪುಸ್ತಕದಲ್ಲಿ ಸಾಲ ಇರುವುದು ಆಕೆಯ ಹೆಸರಿನಲ್ಲಿ, ಹೊಣೆ ಮಾತ್ರ ಐವರದೂ. ‘ಅಯ್ಯೋ ಪಾಪ’ ಎಂದರೆ ಕಂತು ತುಂಬುವುದಿಲ್ಲ.

ಈಗ ಲೂಯಿಸರನ್ನು ನೋಡಿ. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ಮತದಾನದ ಹಕ್ಕು ಕೇಳಿ ಸೇತುವೆ ದಾಟುವಾಗ ಪೊಲೀಸರ ಲಾಠಿಯೇಟಿಗೆ ತಲೆಬುರುಡೆ ಬಿರುಕು ಬಿಟ್ಟಿತು. ಆಗ ವಯಸ್ಸು 25. ಅದು ತನ್ನ ಜನರಾದ ಕರಿಯರ ಹಕ್ಕಿಗಾಗಿ ತಿಂದ ಏಟು. ನಮ್ಮ ಪದಕ್ಕೆ ಸಂಬಂಧಿಸಿದ್ದು ಅದರ ನಂತರದ ಕಥೆ. 1996ರಲ್ಲಿ, ಮದುವೆ ಎಂದರೆ ಗಂಡು-ಹೆಣ್ಣಿನ ನಡುವಿನದು ಮಾತ್ರ ಎಂದು ಕೇಂದ್ರ ಕಾನೂನಿನಲ್ಲಿ ಬರೆಯುವ ಮಸೂದೆ ಬಂತು. ಲೂಯಿಸ್ ಆಗ ಸದಸ್ಯರಾಗಿದ್ದ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ 342 ಮಂದಿ ಪರ, 67 ಮಂದಿ ವಿರುದ್ಧ. ಬ್ಯಾಪ್ಟಿಸ್ಟ್ ಪಾದ್ರಿಯ ದೀಕ್ಷೆ ಪಡೆದಿದ್ದ ಲೂಯಿಸ್ ಆ 67ರಲ್ಲಿ ಒಬ್ಬರು. ಜನಾಂಗ, ಬಣ್ಣದ ಹೆಸರಿನ ತಾರತಮ್ಯದ ವಿರುದ್ಧ ಇಷ್ಟು ಕಾಲ ಹೋರಾಡಿದ ಮೇಲೆ ಲೈಂಗಿಕತೆಯ ಹೆಸರಿನ ತಾರತಮ್ಯದ ವಿರುದ್ಧ ನಿಲ್ಲದೆ ಇರಲಾರೆ ಎಂಬುದು ಅವರ ನಿಲುವು. 2013ರ ಅಕ್ಟೋಬರಿನಲ್ಲಿ ವಲಸಿಗರ ಪರ ರಸ್ತೆಯಲ್ಲಿ ಕೂತು ಬಂಧನಕ್ಕೊಳಗಾದಾಗ ಅವರಿಗೆ 73.

2017ರ ಜನವರಿ 28. ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳವರು ಒಳಬರದಂತೆ ತಡೆಯುವ ಆದೇಶ ಹೊರಬಿದ್ದ ಮರುದಿನ. ಅಟ್ಲಾಂಟಾ ವಿಮಾನ ನಿಲ್ದಾಣಕ್ಕೆ ಹೋದ ಲೂಯಿಸ್, ಎಷ್ಟು ಜನರನ್ನು ತಡೆದು ಇಟ್ಟಿದ್ದೀರಿ ಎಂದು ಕೇಳಿದರು. ಅಧಿಕಾರಿಗಳು ಹೇಳಲಿಲ್ಲ. ಹಾಗಾದರೆ ಇಲ್ಲೇ ಸ್ವಲ್ಪ ಹೊತ್ತು ಕೂತಿರೋಣ ಎಂದರು, ಕೂತರು. ಇದಕ್ಕೆ ಅನುಕಂಪ ಎಂಬ ಹೆಸರಿಡಲು ನನ್ನ ಕೈ ಬರುವುದಿಲ್ಲ. ಆ ಪದದಲ್ಲಿ ಕೊಡುವವ ಮೇಲೆ, ಪಡೆಯುವವ ಕೆಳಗೆ. ಲೂಯಿಸ್ ನೆಲಮಟ್ಟದಲ್ಲಿ ಕೂತಿದ್ದರು.

ಸಾಲಿಡಾರಿಟಿಗೆ ‘ಐಕಮತ್ಯ’ ಸೂಚಿಸುವವರೂ ಇದ್ದಾರೆ. ಅದು ಏಕಮತದಿಂದ ಬಂದದ್ದು, ಎಲ್ಲರ ಮತಿ ಒಂದೇ ಇರಬೇಕು. ಯಾರ ಜೊತೆ ನಿಲ್ಲುತ್ತೇವೋ ಅವರ ದೇವರು, ಊಟ, ನಂಬಿಕೆ ನಮ್ಮವೇ ಆಗಿರಬೇಕೆಂಬ ಷರತ್ತು ಸಾಲಿಡಾರಿಟಿಯಲ್ಲಿಲ್ಲ. ‘ಒಗ್ಗಟ್ಟು’ ನನಗೆ ಬಲು ಇಷ್ಟದ ಪದ, ಒಂದೇ ಕಟ್ಟಿನ ಸೌದೆಯ ಹಾಗೆ. ಆದರೆ ಅದು ಕಟ್ಟಿನ ಒಳಗಿರುವವರ ಗುಣ. ‘ನಮ್ಮಲ್ಲಿ ಒಗ್ಗಟ್ಟಿಲ್ಲ’ ಎನ್ನುತ್ತೇವೆಯೇ ಹೊರತು ‘ಪಕ್ಕದ ಊರಿನವರಿಗೆ ಒಗ್ಗಟ್ಟು ತೋರಿಸಿದೆವು’ ಎನ್ನುವುದಿಲ್ಲ. ‘ಹೋರಾಟಕ್ಕೆ ಒಗ್ಗಟ್ಟು ವ್ಯಕ್ತಪಡಿಸಿದರು’ ಎಂದು ದಯವಿಟ್ಟು ಬರೆಯಬೇಡಿ. ಮುಯ್ಯಾಳು ಇನ್ನೂ ಹತ್ತಿರ ಬರುತ್ತದೆ: ಇವತ್ತು ನಿಮ್ಮ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಅಲ್ಲಿ ತೀರಿಸುವ ಲೆಕ್ಕವಿದೆ. ಲೂಯಿಸ್ ಆ ಲೆಕ್ಕ ಇಟ್ಟವರಲ್ಲ.

1946ರಲ್ಲಿ ಅಂಬೇಡ್ಕರ್ ಅಮೆರಿಕದ ಕರಿಯರ ಚಿಂತಕ ಡು ಬೋಯ್ಸ್ ಅವರಿಗೆ ಪತ್ರ ಬರೆದರು. ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಗಳನ್ನು ಕಳಿಸಿಕೊಡಿ, ನಾವೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದೇವೆ ಎಂಬುದು ಅದರ ಸಾರ. ಉತ್ತರದಲ್ಲಿ ಡು ಬೋಯ್ಸ್ ಬಳಸಿದ್ದು ಸಿಂಪಥಿ ಎಂಬ ಪದವನ್ನೇ, ಒಪ್ಪುತ್ತೇನೆ. ಆದರೆ ಅಂಬೇಡ್ಕರ್ ಕೇಳಿದ್ದು ಮರುಕವನ್ನಲ್ಲ, ಕೆಲಸಕ್ಕೆ ಬರುವ ಕಾಗದವನ್ನು.

ಸೆಲ್ಮಾದ ಇನ್ನೊಂದು ಚಿತ್ರ ನನ್ನ ಮೇಜಿನ ಎದುರಿಗಿದೆ. ಮಾರ್ಚ್ 21ರ ಮೆರವಣಿಗೆ. ಮುಂದಿನ ಸಾಲಿನಲ್ಲಿ ಎರಡು ವಾರದ ಹಿಂದೆ ತಲೆಗೆ ಪೆಟ್ಟು ತಿಂದ ಲೂಯಿಸ್, ಕ್ರೈಸ್ತ ಸನ್ಯಾಸಿನಿ, ಮಾರ್ಟಿನ್ ಲೂಥರ್ ಕಿಂಗ್, ಬಿಳಿಗಡ್ಡದ ಯಹೂದಿ ಗುರು ಹೆಶೆಲ್. ಕೊರಳಲ್ಲಿ ಹೂಹಾರ. ಅವು ಹವಾಯಿ ದ್ವೀಪದಿಂದ ಬಂದ ಹಾರಗಳು. ಬಾಸ್ಟನ್ನಿನಿಂದ ಬಂದಿದ್ದ ಬಿಳಿಯ ಪಾದ್ರಿ ಜೇಮ್ಸ್ ರೀಬ್ ಆ ಸಾಲಿನಲ್ಲಿಲ್ಲ. ಹತ್ತು ದಿನ ಮೊದಲೇ, ಸೆಲ್ಮಾದ ಬೀದಿಯಲ್ಲಿ ಬಿದ್ದ ಹೊಡೆತದಿಂದ ಸತ್ತಿದ್ದರು.

ಹಾಗಾದರೆ ಕನ್ನಡದಲ್ಲಿ ಏನು ಬರೆಯಬೇಕು? ನಾಮಪದವೇ ಬೇಕೆಂಬ ಹಟ ಬಿಟ್ಟರೆ ಕೆಲಸ ಸಲೀಸು. ಹೆಗಲು ಕೊಡು, ಜೊತೆ ನಿಲ್ಲು, ಹೊಣೆ ಹೊರು: ಇವೆಲ್ಲ ನಮ್ಮ ಬಾಯಲ್ಲೇ ಇರುವ ಕ್ರಿಯಾಪದಗಳು. ಮುಂದಿನ ಜುಲೈಗೆ ಯಾರಾದರೂ ಬರೆಯುವವರಿದ್ದರೆ ಆ ವಾಕ್ಯ ಹೀಗಿರಲಿ: ‘ತಮ್ಮವರಲ್ಲದವರ ಹಕ್ಕಿಗೂ ಹೆಗಲು ಕೊಟ್ಟ ಜಾನ್ ಲೂಯಿಸ್.’